ಒಂದು ಸಾಲು ಮೆಂತ್ಯೆ

ಬಾವಿಯಿಂದ ಹಿತ್ತಲ ಬಾಗಿಲಿಗೆ ನಲವತ್ತೊಂದು ಹೆಜ್ಜೆ. ಬಾಗಿಲಿನಿಂದ ಒಲೆಯ ತನಕ ಹದಿನಾಲ್ಕು. ಒಲೆಯಿಂದ ದೇವರ ಜಗಲಿಗೆ ಒಂಬತ್ತು, ನಡುವೆ ಒಂದು ಕಂಬ. ಆ ಕಂಬಕ್ಕೆ ಎಡಗೈ ತಾಗಿಸಿಕೊಂಡೇ ಬಲಕ್ಕೆ ಹೊರಳಬೇಕು, ಇಲ್ಲದಿದ್ದರೆ ಹಣೆ ಒಡೆಯುತ್ತದೆ. ಆ ಮನೆ ಈಗ ಹಾಗಿಲ್ಲ, ಕಂಬ ತೆಗೆದು ಎಷ್ಟೋ ವರ್ಷವಾಯಿತು. ಆದರೂ ಆ ಎಣಿಕೆ ನನ್ನ ಕಾಲಿಗೆ ಇವತ್ತಿಗೂ ನೆನಪಿದೆ. ಯಾಕೆಂದರೆ ಒಂದು ಚಳಿಗಾಲದ ಉದ್ದಕ್ಕೂ ನಾನು ಆ ಮನೆಯಲ್ಲಿ ಕಣ್ಣಿನಿಂದಲ್ಲ, ಕಾಲಿನಿಂದ ನೋಡುತ್ತಿದ್ದೆ.

ತೊಂಬತ್ತರ ಆಸುಪಾಸಿನ ಮಾತು. ರಾಣೆಬೆನ್ನೂರಿನಿಂದ ದೇವರಗುಡ್ಡದ ಕಡೆಗೆ ಹೋಗುವ ಹಾದಿಯಲ್ಲಿ ನನ್ನ ಗಂಡನ ಊರು. ತವರು ಬ್ಯಾಡಗಿ. ನಾನು ಆಗ ಎರಡನೆಯ ಸಲ ಬಸುರಿ. ಮೊದಲನೆಯದು ತವರಿನಲ್ಲಿ ಹುಟ್ಟಿ ಉಳಿಯಲಿಲ್ಲ. ಅದರ ಮುಖವನ್ನು ನನಗೆ ತೋರಿಸಲಿಲ್ಲ. ನೋಡಿದರೆ ಮನಸ್ಸಿಗೆ ಹಚ್ಚಿಕೊಂಡು ಬಾಣಂತಿ ಕೊರಗುತ್ತಾಳೆ ಅಂತ ಹಿರಿಯರು ಬಟ್ಟೆಯಲ್ಲಿ ಸುತ್ತಿ ಒಯ್ದುಬಿಟ್ಟರು. ನೋಡದೆ ಇದ್ದದ್ದಕ್ಕೇ ನಾನು ಕೊರಗಿದೆ. ಕಣ್ಣು ಮುಚ್ಚಿದರೆ ಒಂದು ಮುಖ ಬರಬೇಕಲ್ಲ, ಬರುತ್ತಿರಲಿಲ್ಲ. ಹಾಗಾಗಿ ಎರಡನೆಯದು ಹೊಟ್ಟೆಯಲ್ಲಿ ಮಿಸುಕಿದ ದಿನವೇ ದೇವರ ಜಗಲಿಯ ಮುಂದೆ ಕೂತು ಒಂದೇ ಬೇಡಿಕೊಂಡಿದ್ದೆ. ಗಂಡೋ ಹೆಣ್ಣೋ, ಕಪ್ಪೋ ಕೆಂಪೋ, ಇದರ ಮುಖ ನಾನು ನೋಡುವಂತಾಗಲಿ.

ಐದನೆಯ ತಿಂಗಳು ತುಂಬಿ ಆರಕ್ಕೆ ಬಿದ್ದಾಗ ನನ್ನ ಕಣ್ಣು ಸಂಜೆಯ ಹೊತ್ತಿಗೆ ಮುಚ್ಚತೊಡಗಿತು.

ಮುಚ್ಚುವುದು ಅಂದರೆ ರೆಪ್ಪೆ ಮುಚ್ಚುವುದಲ್ಲ. ಹೊತ್ತು ಇಳಿದು ದನ ಮನೆಗೆ ಬರುವ ಹೊತ್ತಿಗೆ ಯಾರೋ ಕಣ್ಣ ಮುಂದೆ ಮಸಿಯರಿವೆ ಹಿಡಿದ ಹಾಗೆ. ಉಳಿದವರಿಗೆ ಇನ್ನೂ ಬೆಳಕು, ಹುಡುಗರು ಓಣಿಯಲ್ಲಿ ಆಡುತ್ತಲೇ ಇರುತ್ತಿದ್ದರು. ನನಗೆ ಅವರ ದನಿ ಮಾತ್ರ. ದೀಪ ಹಚ್ಚಿದರೆ ದೀಪವಷ್ಟೇ ಕಾಣುತ್ತಿತ್ತು, ಅದರ ಬೆಳಕಿನಲ್ಲಿ ಏನಿದೆಯೋ ಅದು ಕಾಣುತ್ತಿರಲಿಲ್ಲ. ಕರೆಂಟಿನ ಬಲ್ಬು ಇತ್ತು, ಅದೂ ಹಾಗೇ, ಕತ್ತಲಲ್ಲಿ ತೂಗುಬಿಟ್ಟ ಒಂದು ನಿಂಬೆಹಣ್ಣು. ಬೆಳಗಾದರೆ ಎಲ್ಲ ಸರಿ. ಸೂಜಿಗೆ ದಾರ ಪೋಣಿಸಬಲ್ಲೆ. ಮತ್ತೆ ಸಂಜೆ ಬಂದರೆ ಕುರುಡಿ.

ಯಾರಿಗೂ ಹೇಳಲಿಲ್ಲ. ಹೇಗೆ ಹೇಳಲಿ? ಮೊದಲನೆಯ ಕೂಸು ಕಳೆದುಕೊಂಡು ಬಂದ ಸೊಸೆ, ಈಗ ಕಣ್ಣೂ ಇಲ್ಲ ಅಂದರೆ ಜನ ಏನು ಅಂದಾರು? ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು. ತಾಯಿಯ ಕಣ್ಣು ಹೋಗುತ್ತಿದ್ದರೆ ಹೊಟ್ಟೆಯೊಳಗಿನ ಕೂಸಿನ ಕಣ್ಣು? ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದರೆ ಅದು ನಿಜವಾಗಿಬಿಡುತ್ತದೆ ಅನ್ನುವ ಭಯಕ್ಕೆ ಹಲ್ಲು ಕಚ್ಚಿ ಹೆಜ್ಜೆ ಎಣಿಸುತ್ತಿದ್ದೆ.

ಆ ವರ್ಷಗಳಲ್ಲಿ ನಮ್ಮ ಕಡೆ ಬೀಜದ ಹೊಲದ ಗಾಳಿ ಬೀಸಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎರಡು ಜಾತಿಯ ಟೊಮೆಟೊ ಹಚ್ಚುತ್ತಾರೆ. ಮಧ್ಯಾಹ್ನದ ಮೇಲೆ ಹೆಣ್ಣುಸಾಲಿನ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಳಗಿನ ಗಂಡು ಎಸಳನ್ನು ಕಿತ್ತು ಹಾಕಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ಜಾತಿಯ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸಬೇಕು. ಗುರುತಿಗೆ ಹೂವಿನ ತೊಟ್ಟಿನ ಎಲೆ ಚಿವುಟಬೇಕು. ಕಾಯಿ ಕಟ್ಟಿ ಹಣ್ಣಾದ ಮೇಲೆ ಹಿಂಡಿ, ಬೀಜ ತೊಳೆದು ಒಣಗಿಸಿ ಕಂಪನಿಗೆ ಕೊಡುವುದು, ಹಣ್ಣಿನ ತಿರುಳು ತಿಪ್ಪೆಗೆ. ನಾಲ್ಕು ತಿಂಗಳು ಇಡೀ ಮನೆ ಹೂವಿನ ಮುಂದೆ ಬಗ್ಗಿ ನಿಲ್ಲುತ್ತಿತ್ತು. ಹೊಲದ ತುಂಬ ಕೆಂಪಗೆ ಟೊಮೆಟೊ, ಮನೆಯ ಒಲೆಯ ಮೇಲೆ ಒಂದು ಟೊಮೆಟೊ ಇಲ್ಲ. ಬೀಜದ ಹಣ್ಣು ಬಾಯಿಗೆ ಹಾಕಬಾರದು ಅನ್ನುವುದು ಮನೆಯ ನೇಮ. ಹಾಕುವ ಹಾಗೂ ಇರಲಿಲ್ಲ, ವಾರಕ್ಕೆ ಎರಡು ಸಲ ಔಷಧ ಹೊಡೆಯುತ್ತಿದ್ದರು. ಗಾಳಿ ಬೀಸಿದರೆ ಆ ವಾಸನೆ ಅಡಿಗೆಮನೆಯ ತನಕ ಬರುತ್ತಿತ್ತು.

ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಹಿತ್ತಲೂ ಹೋಯಿತು. ಕಂಪನಿಯಿಂದ ತಪಾಸಣೆಗೆ ಬರುವವನು ಮೊದಲ ಸಲ ಬಂದಾಗ ಅತ್ತೆಯ ಹಿತ್ತಲು ನೋಡಿ ಮುಖ ಕಿವುಚಿದ್ದ. ಮಡಿಯಲ್ಲಿ ಮೆಂತ್ಯೆ, ರಾಜಗಿರಿ, ಬೇಲಿಗೆ ಬಸಳೆ, ಬಚ್ಚಲ ಕಡೆ ನಾಲ್ಕು ಬದನೆ ಗಿಡ, ಎರಡು ಟೊಮೆಟೊ.

"ಇವೆಲ್ಲಾ ಇರಾಕ ಬರೂದಿಲ್ರಿ. ಇಲ್ಲಿ ಹುಳ ಹತ್ತಿದ್ರ ಹೊಲಕ್ಕ ಬರ್ತಾವ. ಟೊಮೆಟೊ ಅಂತೂ ಬ್ಯಾಡೇ ಬ್ಯಾಡ, ಹೂವಿನ ಪುಡಿ ಕಲೀತೈತಿ," ಅಂದ.

ಟೊಮೆಟೊ ಎರಡು ಕಿತ್ತರೆ ಸಾಕಿತ್ತೇನೋ. ಆದರೆ ನಮ್ಮ ಮನೆಯವರು, ನನ್ನ ಗಂಡ, ಹೊಸ ಕೆಲಸದ ಹುರುಪಿನಲ್ಲಿ ಹಿತ್ತಲೆಲ್ಲ ಬೋಳು ಮಾಡಿದರು. ಬಾವಿಯ ನೀರು ಪೂರ್ತಿ ಹೊಲಕ್ಕೆ ಹರಿಯಿತು. ಅತ್ತೆ ಕಟ್ಟೆಯ ಮೇಲೆ ಕೂತು ನೋಡಿದರು. ಕಿತ್ತ ಮೆಂತ್ಯೆಯನ್ನು ಮಾತ್ರ ಮಾಳಿಗೆಯ ಮೇಲೆ ಒಣಗಿಸಿ ಡಬ್ಬಿಗೆ ತುಂಬಿಟ್ಟರು.

ಆಮೇಲೆ ನಾವು ಉಂಡದ್ದು ರೊಟ್ಟಿ, ಕಡಲೆಹಿಟ್ಟಿನ ಝುಣಕ, ತೊಗರಿಬೇಳೆ, ಶೇಂಗಾ ಚಟ್ನಿ. ಹಬ್ಬಕ್ಕೋ ಹುಣ್ಣಿಮೆಗೋ ಆ ಡಬ್ಬಿಯಿಂದ ಒಂದು ಹಿಡಿ ಒಣ ಮೆಂತ್ಯೆ. ಹಾಲು ಡೇರಿಗೆ ಹೋಗಿ ಉಳಿದದ್ದು ಗಂಡಸರ ಚಹಾಕ್ಕೆ. ಅವರು ವಾರಕ್ಕೊಮ್ಮೆ ರಾಣೆಬೆನ್ನೂರಿಗೆ ಹೋದರೆ ಖಾನಾವಳಿಯಲ್ಲಿ ಉಂಡು ಬರುತ್ತಿದ್ದರು, ಅಲ್ಲಿ ಹಸಿರು ಸೊಪ್ಪಿನ ತಪ್ಪಲು ಪಲ್ಯ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ ಎಲ್ಲ ಇರುತ್ತಿತ್ತು. ನಾವು ಹೆಂಗಸರು ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ರೊಟ್ಟಿಗೆ ಹಚ್ಚಿಕೊಂಡು ಉಣ್ಣುತ್ತಿದ್ದೆವು. ಅದರಲ್ಲಿ ದುಃಖವೇನೂ ಅನ್ನಿಸುತ್ತಿರಲಿಲ್ಲ. ಹೊಟ್ಟೆ ತುಂಬುತ್ತಿತ್ತಲ್ಲ. ಹೊಟ್ಟೆ ತುಂಬಿಯೂ ಮೈ ಉಪವಾಸ ಇರಬಹುದು ಅನ್ನುವುದು ಯಾರಿಗೆ ಹೊಳೆಯಬೇಕು?

ನನಗೆ ಹೊಳೆಯಬೇಕಾಗಿತ್ತು. ನಾನು ಆಯಿಯ ಕೈಯಲ್ಲಿ ಬೆಳೆದವಳು. ಆಯಿ ಅಂದರೆ ತವರಿನ ಅಜ್ಜಿ. ಬ್ಯಾಡಗಿಯಲ್ಲಿ ಸುಗ್ಗಿ ಬಂತೆಂದರೆ ಊರಿಗೆ ಊರೇ ಮೆಣಸಿನಕಾಯಿಯಿಂದ ಸೀನುತ್ತಿತ್ತು. ಆ ಘಾಟಿನ ನಡುವೆ ಆಯಿ ಮೂಗಿಗೆ ಸೆರಗು ಕಟ್ಟಿಕೊಂಡು ಬುಟ್ಟಿ ಹಿಡಿದು ಹೊಲದ ಬದುವಿಗೆ ಹೊರಡುತ್ತಿದ್ದಳು. ಅವಳಿಗೆ ತಿಂಗಳುಗಳ ಹೆಸರಿಗಿಂತ ತಪ್ಪಲಿನ ಹೆಸರು ಚೆನ್ನಾಗಿ ಗೊತ್ತಿತ್ತು. ಮಳೆ ಹಿಡಿಯಿತೋ ಕಿರಕಸಾಲಿ, ಗೋಳಿಪಲ್ಯ. ಚಳಿ ಬಿತ್ತೋ ಹಕ್ಕರಕಿ, ಅದನ್ನು ಬೇಯಿಸುವುದೇ ಇಲ್ಲ, ರೊಟ್ಟಿಯ ಮೇಲೆ ಹಸಿಯಾಗಿಯೇ ಇಟ್ಟು ಶೇಂಗಾ ಚಟ್ನಿ, ಎಣ್ಣೆ. ಆಮೇಲೆ ಮೆಂತ್ಯೆ, ಕಡಲೆಯ ಕುಡಿ. ಬಿಸಿಲು ಏರಿದರೆ ಪುಂಡಿಪಲ್ಯ, ನುಗ್ಗೆ, ಮಾವು.

"ಭೂಮಿತಾಯಿಗೆ ಗೊತ್ತಿರ್ತೈತಬೇ, ಈ ತಿಂಗಳ ನಿನ್ನ ಮೈಗೆ ಏನ ಬೇಕಂತ. ಆಕಿ ನೀಡಿದಾಗ ತಿನ್ನಬೇಕು. ಆಮ್ಯಾಲೆ ತಿಂತೀನಿ ಅಂತ ಇಟ್ಟಿ ಅಂದ್ರ ಅದು ಬರೇ ಕಸ," ಅನ್ನುತ್ತಿದ್ದಳು.

ಮಾತು ಕಲಿತದ್ದು ಅವಳ ಹತ್ತಿರ. ತಿನ್ನುವುದು ಕಲಿತದ್ದು ಅವಳ ಹತ್ತಿರ. ಗಂಡನ ಮನೆಗೆ ಬಂದ ಮೇಲೆ ಮಾತು ಉಳಿಯಿತು, ತಿನ್ನುವುದು ಮರೆತುಹೋಯಿತು. ಆ ಚಳಿಗಾಲ ನಮ್ಮ ಬದುವಿನಲ್ಲಿಯೂ ಹಕ್ಕರಕಿ ಎದ್ದಿತ್ತು. ಅದರ ಮೇಲೂ ಔಷಧ ಬಿದ್ದಿತ್ತು. ನಾನು ಅದನ್ನು ತುಳಿದುಕೊಂಡು ಹೂವಿನ ಸಾಲಿಗೆ ಹೋಗುತ್ತಿದ್ದೆ.

ಹೂವಿನ ಕೆಲಸ ಹೊತ್ತು ಮುಳುಗುವ ತನಕ ಇರುತ್ತಿತ್ತು. ಕೊನೆಯ ಅರ್ಧ ತಾಸು ನಾನು ಬೆರಳಿನಿಂದಲೇ ಮೊಗ್ಗು ತಡಕುತ್ತಿದ್ದೆ. ಒಂದು ದಿನ ತಪಾಸಣೆಯವನು ನನ್ನ ಸಾಲಿನಲ್ಲಿ ಒಳ ಎಸಳು ಹಾಗೇ ಉಳಿದ ಹೂಗಳನ್ನು ಹಿಡಿದು ತೋರಿಸಿದ. ನಮ್ಮ ಮನೆಯವರು ಎಲ್ಲರ ಮುಂದೆ ನನ್ನನ್ನು ನೋಡಿದರು, ಬಯ್ಯಲಿಲ್ಲ. ಸಂಜೆ ಮನೆಗೆ ಬರುವಾಗ ಮಾತ್ರ, "ಲಕ್ಷ್ಯ ಎಲ್ಲಿರ್ತೈತಿ ನಿಂದು?" ಅಂದರು. ಅವರ ದನಿ ಬಂದ ಕಡೆ ಮುಖ ತಿರುಗಿಸಿ, "ಇನ್ನ ಮ್ಯಾಲೆ ಬರೊಬ್ಬರಿ ಮಾಡ್ತೇನ್ರಿ," ಅಂದೆ. ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಎರಡು ಮಾರು ದೂರದಲ್ಲಿ ನಡೆಯುತ್ತಿದ್ದ ಗಂಡನ ಮುಖ.

ಅದಾಗಿ ನಾಲ್ಕೈದು ದಿನಕ್ಕೆ ಕೌದಿಯ ಪ್ರಸಂಗವಾಯಿತು.

ಬೆಳಿಗ್ಗೆ ಒಗೆದ ಹೊದೆಯುವ ಕೌದಿಯನ್ನು ಹಿತ್ತಲ ಗೋಡೆಯ ಮೇಲೆ ಒಣಹಾಕಿದ್ದೆವು. ಸಂಜೆ ಇಬ್ಬನಿ ಬೀಳುವ ಮುಂಚೆ ಒಳಗೆ ತರಬೇಕು ಅಂತ ಹೆಜ್ಜೆ ಎಣಿಸಿಕೊಂಡು ಹೋದೆ. ಗೋಡೆ ಸಿಕ್ಕಿತು, ಕೌದಿಯ ಅಂಚು ಸಿಕ್ಕಿತು, ಎಳೆದೆ. ಬರಲಿಲ್ಲ. ಕಲ್ಲಿಗೆ ಸಿಕ್ಕಿರಬೇಕು ಅಂತ ಜೋರು ಎಳೆದೆ. ಆ ಕಡೆಯಿಂದಲೂ ಯಾರೋ ಎಳೆದರು.

"ಯಾರದು?" ಅತ್ತೆಯ ದನಿ, ಗಾಬರಿಯದು.

"ನಾನ್ರಿ."

"ನಾನು ಅಂದ್ರ ಯಾರು?"

ಎದುರಿಗೇ ನಿಂತಿದ್ದಾರೆ. ಅವರ ಉಸಿರು ನನ್ನ ಕೈಗೆ ತಾಗುತ್ತಿದೆ. ಒಂದು ಗಳಿಗೆ ನನಗೆ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು.

"ಅತ್ತಿ, ನಿಮಗ ನಾ ಕಾಣ್ಸವಲ್ನೇನ್ರಿ?"

ಅವರು, "ನಿನಗ ನಾ ಕಾಣ್ತಿದ್ರ ನೀ ಯಾಕ ಎಳೀತಿದ್ದಿ?" ಅಂದರು.

ಇಬ್ಬರೂ ಕೌದಿ ಹಿಡಿದುಕೊಂಡೇ ನಿಂತೆವು. ಬಿಟ್ಟರೆ ಒಬ್ಬರಿಗೊಬ್ಬರು ಕಳೆದುಹೋಗುತ್ತೇವೆ ಅನ್ನುವ ಹಾಗೆ. ಅವರು ನೆಲಕ್ಕೆ ಕೂತರು, ನಾನೂ ಕೂತೆ. ಯಾವಾಗಿನಿಂದ ಅಂತ ನಾನು ಕೇಳಿದೆ. ದೀಪಾವಳಿ ಆದ ಮೇಲಿಂದ ಅಂದರು. ನನ್ನದಕ್ಕಿಂತ ಒಂದು ತಿಂಗಳು ಮೊದಲು. ವಯಸ್ಸಾಯಿತು, ಮನೆಯಲ್ಲಿ ಬಸುರಿ ಇದ್ದಾಳೆ, ತನ್ನ ಗೋಳು ಯಾಕೆ ಹೇಳಬೇಕು ಅಂತ ಸುಮ್ಮನಿದ್ದರಂತೆ. ಹೊತ್ತಿಗೆ ಮೊದಲೇ ದೀಪ ಹಚ್ಚಿ ಕಂಬಕ್ಕೆ ಒರಗಿ ಕೂತುಬಿಡುತ್ತಿದ್ದರು, ನಾನು ಅದನ್ನು ಭಕ್ತಿ ಅಂದುಕೊಂಡಿದ್ದೆ.

"ನೀ ಚರಗಿ ಎಡವಿದಾಗೆಲ್ಲಾ, ಹುಡುಗಿ ಲಕ್ಷ್ಯಗೇಡಿ ಅಂತ ಮನಸಿನಾಗ ಬೈದೇನಬೇ," ಅಂದರು ಅತ್ತೆ. ನನಗೆ ನಗು ಬಂತು. ನಗುವಿನ ಬಾಲ ಹಿಡಿದು ಅಳು ಬಂತು. ಹೊಟ್ಟೆಯ ಮೇಲೆ ಕೈ ಇಟ್ಟು, "ಇದಕ್ಕೂ ಹಿಂಗ ಆದ್ರ ಏನ್ರಿ ಅತ್ತಿ?" ಅಂದುಬಿಟ್ಟೆ. ತಿಂಗಳಿಂದ ನುಂಗಿಕೊಂಡಿದ್ದ ಮಾತು. ಕತ್ತಲಲ್ಲಿ ಅತ್ತೆಯ ಕೈ ನನ್ನ ಮೊಣಕಾಲು, ಭುಜ, ಕೆನ್ನೆ ತಡಕಿ ಬಾಯಿಯ ಮೇಲೆ ಬಂದು ನಿಂತಿತು. ಅನ್ನಬೇಡ ಅಂತ.

"ಅತ್ತಿ ಸೊಸಿ ಕೌದಿ ಸಲುವಾಗಿ ಜಗಳಾ ಆಡಾಕತ್ತೀರೇನು?"

ಗೋಡೆಯಾಚೆಯಿಂದ ಚಾಚಿ. ನಮ್ಮ ನೆರೆಮನೆಯ ಮುಸಲ್ಮಾನ ಹೆಂಗಸು, ಅತ್ತೆಯ ವಾರಿಗೆಯವಳು. ಅವಳ ಗಂಡನಿಗೆ ಊರಲ್ಲಿ ಕುರಿ ಕಡಿಯುವ ಅಂಗಡಿ. ನಮ್ಮ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲ. ಆದರೂ ಮೂವತ್ತು ವರ್ಷ ಆ ಗೋಡೆಯ ಮೇಲಿನಿಂದ ಉಪ್ಪು, ಬೆಂಕಿಪೆಟ್ಟಿಗೆ, ಸುಖದುಃಖ ಎಲ್ಲ ದಾಟಿ ಹೋಗಿದ್ದವು, ಅಡಿಗೆಯೊಂದು ಬಿಟ್ಟು. ಅತ್ತೆ ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಚಾಚಿಯ ಬಳೆ ಗೋಡೆಗೆ ತಾಗಿದ ಸದ್ದಾಯಿತು, ಹತ್ತಿರ ಬಂದಿದ್ದಳು.

"ಇರುಳಗಣ್ಣು ಇದು. ನಮ್ಮ ಅಮ್ಮಾಗೂ ಆಗಿತ್ತು. ಕುರಿ ಕಾಳಿಜ ತಿಂದ್ರ ಎಂಟ ದಿನದಾಗ ಹೋಕ್ಕೈತಿ. ಖರೇ ಹೇಳ್ತೇನಿ."

ಕುರಿಯ ಯಕೃತ್ತಿನ ಹೆಸರು ಕೇಳಿದ್ದೇ ಅತ್ತೆ, "ಶಿವಶಿವಾ," ಅಂದರು.

"ಗೊತ್ತೈತಿ ಮಾರಾಯ್ತಿ, ನಿಮ್ಮ ಮಂದಿ ತಿನ್ನೂದಿಲ್ಲ ಅಂತ. ನಾನೂ ಕೊಡೂದಿಲ್ಲ. ಕೊಟ್ಟ್ರ ನಿನ್ನ ದೇವರು ನನ್ನ ಮ್ಯಾಲೆ ಸಿಟ್ಟಿಗೇಳ್ತಾನ, ನನ್ನ ಗಂಡ ಪುಕ್ಕಟ ಹೋತು ಅಂತ ಅಳ್ತಾನ." ಅವಳು ನಗಿಸಲು ನೋಡಿದಳು. ಆಮೇಲೆ ದನಿ ಇಳಿಸಿ, "ನುಗ್ಗಿ ತಪ್ಪಲ ತಿನ್ರಿ. ನಮ್ಮ ಗಿಡಾ ಐತೆಲ್ಲ. ಬೇಟಿ, ಹಿಂಗ ಕುಂದ್ರಬ್ಯಾಡ. ಲಗೂ ಹಾವೇರಿಗೆ ಹೋಗಿ ತೋರಸ್ಕೊಂಡ ಬಾ," ಅಂದಳು.

ಹಾವೇರಿಯ ಡಾಕ್ಟರಮ್ಮ ನನ್ನ ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ಉಗುರು ನೋಡಿದರು, ಏನು ಉಣ್ಣುತ್ತೀ ಅಂತ ಕೇಳಿದರು. ಹೇಳಿದೆ.

"ತಪ್ಪಲ ಪಲ್ಯ?"

"ತಿಂತೇವ್ರಿ. ಒಣಗಿಸಿದ್ದು."

"ಎಲ್ಲಿ ಒಣಗಸ್ತೀರಿ?"

"ಬಿಸಲಾಗ್ರಿ, ಮಾಳಿಗಿ ಮ್ಯಾಲೆ."

ಅವರು ಬರೆಯುವುದನ್ನು ನಿಲ್ಲಿಸಿದರು. "ಕಣ್ಣಿಗೆ ಬೇಕಾದ್ದು ಆ ಬಿಸಲಾಗ ಹೋಗಿರ್ತೈತಿ ತಾಯಿ. ನೀವು ತಿಂದಿದ್ದು ಬರೇ ಕಡ್ಡಿ." ಬಸುರಿನಲ್ಲಿ ಕೂಸು ತನ್ನ ಪಾಲಿನದನ್ನು ತಾಯಿಯ ಮೈಯಿಂದ ತೆಗೆದುಕೊಳ್ಳುತ್ತದೆ, ತಾಯಿಯಲ್ಲೇ ಇಲ್ಲದಿದ್ದರೆ ಇಬ್ಬರಿಗೂ ಕಷ್ಟ ಅಂದರು. ಜೋರಿನ ಔಷಧ ಇದೆ, ಆದರೆ ಈಗ ಕೊಟ್ಟರೆ ಕೂಸಿಗೆ ಬಾಧೆ. ನಿನಗೆ ಊಟವೇ ಔಷಧ. ಆಗ ಕಿತ್ತದ್ದು, ಆಗ ಮಾಡಿದ್ದು, ಒಂದು ಚಮಚೆ ಎಣ್ಣೆ ಹಾಕಿದ್ದು. ನುಗ್ಗೆ, ಮೆಂತ್ಯೆ, ರಾಜಗಿರಿ, ಪಪ್ಪಾಯಿ, ಯಾವ ಕಾಲಕ್ಕೆ ಯಾವುದು ಸಿಗುತ್ತದೋ ಅದು. ದಿನಾ.

ಆಯಿ ಹೇಳಿದ ಮಾತನ್ನೇ ಬಿಳಿಯ ಕೋಟು ಹಾಕಿಕೊಂಡವರು ಹೇಳುತ್ತಿದ್ದರು. ನಾನು ಕೂತಲ್ಲೇ ನಾಚಿದೆ.

"ಕೂಸಿನ ಕಣ್ಣು?" ಅಂತ ಕೇಳಿದೆ.

"ಈಗಿಂದ ತಿನ್ನು," ಅಂದರು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದರು. ನೀವೂ ತೋರಿಸಿರಿ ಅಂತ ಸೆರಗು ಎಳೆದೆ. "ಊಟಾನ ಔಷಧ ಅಂದ ಮ್ಯಾಲೆ ಇಬ್ಬರದೂ ಒಂದ ಒಲಿ. ಒಬ್ಬರಿಗೆ ಹೇಳಿದ್ದು ಇಬ್ಬರಿಗೂ ಹತ್ತೈತಿ, ಏಳು, ಬಸ್ ಹೊಕ್ಕೈತಿ," ಅಂದು ಎದ್ದೇಬಿಟ್ಟರು. ಅಲ್ಲಿ ನಾನು ಹಟ ಹಿಡಿಯಬೇಕಿತ್ತು. ಹಿಡಿಯಲಿಲ್ಲ.

ಮರುದಿನ ಮಧ್ಯಾಹ್ನ ಅತ್ತೆ ಹೂವಿನ ಕೆಲಸಕ್ಕೆ ಬರಲಿಲ್ಲ. ನಾವು ಹೊಲದಿಂದ ಬಂದಾಗ ಬಚ್ಚಲ ನೀರು ಹರಿಯುವ ಕಾಲುವೆಯ ಗುಂಟ ಕುಡುಗೋಲಿನಿಂದ ಮಣ್ಣು ಕೆದರಿ ಮೆಂತ್ಯೆ ಕಾಳು ಹಾಕುತ್ತಿದ್ದರು. ಬೋಳು ಹಿತ್ತಲಿನಲ್ಲಿ ಒಂದೇ ಒಂದು ಸಾಲು. ನನಗೆ ಕುಡುಗೋಲು ಕೆದರುವ ಸದ್ದಷ್ಟೇ, ಸಾಲು ನೋಡಿದ್ದು ಮರುದಿನ ಬೆಳಿಗ್ಗೆ.

"ಯವ್ವಾ, ಏನ ಮಾಡಾಕತ್ತಿ? ತಪಾಸಣಿಯಾಂವ ನೋಡಿದ್ರ?" ಅಂದರು ನಮ್ಮ ಮನೆಯವರು.

"ನೋಡ್ಲಿ. ಅಂವಗೂ ಒಂದ ಸಿವುಡ ಕೊಡ್ತೇನಿ."

"ಚ್ಯಾಷ್ಟಿ ಅಲ್ಲಬೇ ಇದು. ಹುಳ ಹತ್ತಿದ್ರ ಬೀಜ ತಗೊಳ್ಳೂದಿಲ್ಲ ಅವರು. ವರ್ಷದ ದುಡಿತ ಐತಿ."

ಅತ್ತೆ ಏಳಲಿಲ್ಲ. ಮಣ್ಣು ಮುಚ್ಚುತ್ತಲೇ ಅಂದರು, "ಈ ಹೊತ್ತಿನಾಗ ನಿನ್ನ ಹೆಂಡ್ತಿ ನಿನ್ನ ಮುಖಾ ನೋಡಿ ಎಷ್ಟ ದಿನಾ ಆತು, ಗೊತ್ತೈತೇನು ನಿನಗ? ಕೇಳು ಆಕೀನ. ಮೈಮ್ಯಾಲಿನ ಅಂಗಿ ಯಾವ ಬಣ್ಣದ್ದೈತಿ ಅಂತ ಕೇಳು."

ಅವರು ನನ್ನ ಕಡೆ ತಿರುಗಿದ್ದು ಚಪ್ಪಲಿಯ ಸಪ್ಪಳದಿಂದ ಗೊತ್ತಾಯಿತು. ಕೇಳಲಿಲ್ಲ. ಹಾವೇರಿಗೆ ಹೋದದ್ದು ಬಸುರಿಯ ತಪಾಸಣೆಗೆ ಅಂತಷ್ಟೇ ಅವರಿಗೆ ಗೊತ್ತಿತ್ತು. ತುಸು ಹೊತ್ತಿಗೆ ಬಾವಿಯ ಗಡಗಡಿ ತಿರುಗಿದ ಸದ್ದು ಕೇಳಿಸಿತು. ಎರಡು ಕೊಡ ನೀರು ಆ ಸಾಲಿಗೆ ಬಿತ್ತು.

ಮೆಂತ್ಯೆ ಮೇಲೇಳುವ ತನಕ ಚಾಚಿಯ ನುಗ್ಗೆ ತಪ್ಪಲು. ದಿನಾ ಬೆಳಿಗ್ಗೆ ಗೋಡೆಯ ಮೇಲೆ ಕಟ್ಟಿದ ಒಂದು ಸಿವುಡು. ಬುಟ್ಟಿ ಬೇರೆಯೇ ಇಟ್ಟಿದ್ದಳು, "ಇದಕ್ಕ ನಮ್ಮ ಅಡಿಗಿಮನಿ ಗಾಳಿ ಸೈತ ಹತ್ತಿಲ್ಲ," ಅಂತ ಅತ್ತೆಗೆ ಕಿಚಾಯಿಸಿ. ಬೇಳೆಗೆ ಹಾಕಿ, ಝುಣಕಕ್ಕೆ ಹಾಕಿ, ರೊಟ್ಟಿಯ ಹಿಟ್ಟಿಗೆ ಕಲಸಿ ತಿಂದೆ. ಕಹಿಯಾದರೂ ತಿಂದೆ, ವಾಂತಿಯಾದರೂ ಮತ್ತೆ ತಿಂದೆ. ಬಸುರಿ ಸೊಸೆ ಮೊದಲು ಉಣ್ಣಬೇಕು ಅಂತ ಅತ್ತೆ ಹೊಸ ನೇಮ ಮಾಡಿದರು. ಗಂಡಸರ ಪಂಕ್ತಿಯಲ್ಲೇ ನನ್ನ ತಾಟು. "ನೀವ್ರಿ?" ಅಂದರೆ, "ನಾ ಆಮ್ಯಾಲೆ ಉಣ್ತೇನಿ, ಗಡಿಗ್ಯಾಗ ಐತಿ," ಅನ್ನುತ್ತಿದ್ದರು.

ಹತ್ತು ದಿನವಾಯಿತು, ಏನೂ ಇಲ್ಲ. ಹದಿನೈದು ದಿನ. ಸಂಜೆ ಬಂದರೆ ಮತ್ತೆ ಅದೇ ಮಸಿಯರಿವೆ. ತಿಂದು ತಿಂದು ನನಗೆ ಸಿಟ್ಟು ಬರತೊಡಗಿತು, ತಪ್ಪಲಿನ ಮೇಲೆ, ಡಾಕ್ಟರಮ್ಮನ ಮೇಲೆ, ಮಿಸುಕುವ ಕೂಸಿನ ಮೇಲೆ. ಒಂದು ಸಂಜೆ ತಾಟನ್ನು ತಳ್ಳಿ, "ಇದರಿಂದ ಏನೂ ಆಗೂದಿಲ್ರಿ," ಅಂದೆ. ಅತ್ತೆ ಆ ತಾಟನ್ನು ತೆಗೆದು ಮತ್ತೆ ನನ್ನ ಮುಂದೆ ಇಟ್ಟರು. "ಹೊಲಕ್ಕ ನೀರ ಬಿಟ್ಟ ಮರುದಿನಾನ ಫಲ ಕೇಳ್ತಾರೇನು?" ಅಂದರು.

ಮೆಂತ್ಯೆ ಮೊದಲ ಸಲ ಕೊಯ್ದು ಎರಡು ದಿನವಾಗಿತ್ತು. ಹೊತ್ತು ಮುಳುಗಿತ್ತು. ಹಿತ್ತಲ ಬಾಗಿಲಲ್ಲಿ ನಿಂತಿದ್ದೆ, ಅಭ್ಯಾಸದಂತೆ ಕಿವಿಯಿಂದ ನೋಡುತ್ತ. ಗೋಡೆಯ ಆಚೆ ಏನೋ ಬೆಳ್ಳಗೆ ಅಲುಗಿದ ಹಾಗಾಯಿತು. ಕಣ್ಣು ಉಜ್ಜಿ ನೋಡಿದೆ. ಚಾಚಿಯ ನುಗ್ಗೆ ಗಿಡದ ಹೂ. ಮಂಕಾಗಿ, ನೀರಿನೊಳಗೆ ಕಂಡ ಹಾಗೆ, ಆದರೂ ಹೂ. ನಾನು ಅತ್ತೆಯನ್ನು ಕೂಗಿದ ರೀತಿಗೆ ಅವರು ಹೆರಿಗೆಯೇ ಆಯಿತು ಅಂದುಕೊಂಡು ಓಡಿ ಬಂದು ಹೊಸ್ತಿಲು ಎಡವಿದರು.

"ಕಾಣಾಕತ್ತೈತ್ರಿ," ಅಂದೆ. "ನಿಮಗ?"

"ಹೂಂ. ನನಗೂ ಕಾಣಾಕತ್ತೈತಿ ಎರಡ ದಿನದಿಂದ," ಅಂದರು. ನುಗ್ಗೆ ಗಿಡದ ಕಡೆ ಮುಖ ಮಾಡಿ, "ಅಕಾ ಅಲ್ಲಿ, ಹೂವು," ಅಂತ ಬೆರಳು ತೋರಿಸಿದರು. ಗೋಡೆಯಾಚೆ ಬಾಗಿಲು ಕಿರುಗುಟ್ಟಿದಾಗ, "ಚಾಚಿ ಬಂದ್ಲು ನೋಡು," ಅಂದರು. ನಾನು ನಂಬಿದೆ. ನನಗೆ ನಂಬುವುದು ಬೇಕಾಗಿತ್ತು.

ಮಾವು ಹಣ್ಣಾಗುವ ಕಾಲಕ್ಕೆ ಹೆಣ್ಣು ಹುಟ್ಟಿತು. ಮಧ್ಯಾಹ್ನದ ಬೆಳಕಿನಲ್ಲಿ. ಸೂಲಗಿತ್ತಿ ಹೊಕ್ಕಳು ಕೊಯ್ಯುವ ಮೊದಲೇ, "ಮುಖಾ ತೋರಸ್ರಿ, ಮೊದಲ ಮುಖಾ," ಅಂದೆನಂತೆ. ತೋರಿಸಿದರು. ಅದು ಕಣ್ಣು ಬಿಟ್ಟಿತ್ತು. ಕಿಟಕಿಯ ಬೆಳಕಿಗೆ ಕಣ್ಣು ಕಿರಿದು ಮಾಡಿತು. ಬೆಳಕು ಚುಚ್ಚುತ್ತದೆ ಅಂದರೆ ಬೆಳಕು ಕಾಣುತ್ತದೆ. ಆ ತಿಂಗಳುಗಳಲ್ಲಿ ಕಟ್ಟಿಕೊಂಡಿದ್ದ ಉಸಿರು ಅವತ್ತು ಬಿಟ್ಟೆ.

ಹದಿನೈದನೆಯ ದಿನವೋ ಏನೋ. ಸಂಜೆ. ಕೂಸನ್ನು ಎತ್ತಿಕೊಂಡು ಬಾಗಿಲ ಮರೆಯಲ್ಲಿ ಹಾಲೂಡುತ್ತಿದ್ದೆ. ಹೊರಸಿನ ಮೇಲೆ, ಕೂಸು ಉರುಳಬಾರದೆಂದು ಅದರ ಮಗ್ಗುಲಿಗೆ ಇಡುತ್ತಿದ್ದ ಸುತ್ತಿದ ಕೌದಿ ಬಿದ್ದಿತ್ತು, ಗೋಡೆಯ ಮೇಲೆ ನಾವು ಎಳೆದಾಡಿದ ಅದೇ ಕೌದಿ. ಅತ್ತೆ ಕಾಡಿಗೆಯ ಡಬ್ಬಿ ಹಿಡಿದು ಬಂದರು. ದಿನಾ ಹೊತ್ತು ಇರುವಾಗಲೇ ಇಡುತ್ತಿದ್ದರು, ಅವತ್ತು ಯಾರೋ ಬಂಧುಗಳು ಬಂದು ತಡವಾಗಿತ್ತು. ಹೊರಸಿನ ಅಂಚು ತಡಕಿ ಕೂತರು. ಬೆರಳು ಅದ್ದಿದರು. "ನನ್ನ ಬಂಗಾರಾ, ಯಾರ ದೃಷ್ಟೀನೂ ತಾಗದಿರಲಿ," ಅಂತ ಆ ಕೌದಿಯ ಒಂದು ಮಗ್ಗುಲಿಗೆ ಬೊಟ್ಟು ಇಟ್ಟರು. ಆಮೇಲೆ ಬಗ್ಗಿ ಅದಕ್ಕೆ ಮುತ್ತು ಕೊಟ್ಟರು. ತುಟಿಗೆ ಅರಿವೆ ತಾಗಿದಾಗ ಬಗ್ಗಿದವರು ಹಾಗೇ ಉಳಿದರು.

ನಾನು ನಾಲ್ಕು ಮಾರು ದೂರದಲ್ಲಿ ಎಲ್ಲ ನೋಡುತ್ತಿದ್ದೆ. ನನಗೆ ಕಾಣುತ್ತಿತ್ತು, ಅವರ ಬೆರಳಿನ ತುದಿಯ ಕಪ್ಪು ಸೈತ.

"ಅತ್ತಿ."

"ಏನಬೇ."

"ನೀವು ಮೆಂತ್ಯೆ ಪಲ್ಯ ತಿಂದೇ ಇಲ್ಲ. ಹೌದಲ್ರಿ?"

ಅವರು ಕೌದಿಯ ಮೇಲೆ ಕೈಯಾಡಿಸುತ್ತ, "ಒಂದ ಸಾಲ ಇತ್ತಬೇ," ಅಂದರು. "ಒಂದ ಸಾಲದಾಗ ಎಷ್ಟಂತ ಆಕ್ಕೈತಿ?"

ಮರುದಿನವೇ ಹಾವೇರಿಗೆ. ಹಸಿ ಬಾಣಂತಿ ಹೊರಗೆ ಬೀಳಬಾರದು ಅಂತ ಊರೇ ಅಂದಿತು. ನಮ್ಮ ಮನೆಯವರು ಬಾಡಿಗೆ ಗಾಡಿ ತಂದರು, ಚಾಚಿ ಕೂಸು ಹಿಡಿದುಕೊಂಡು ಕೂತಳು. ಅತ್ತೆಗೆ ಜೋರಿನ ಔಷಧ ಕೊಡಬಹುದಿತ್ತು, ಕೊಟ್ಟರು. ಬಲಗಣ್ಣು ನಿಧಾನಕ್ಕೆ ತಿರುಗಿ ಬಂತು. ಎಡಗಣ್ಣಿನ ಕಪ್ಪಿನ ಮೇಲೆ ಅಕ್ಕಿಕಾಳಿನಷ್ಟು ಬೆಳ್ಳಗೆ ಕಲೆ ಕಟ್ಟಿತ್ತು. ಅದು ಹೋಗಲಿಲ್ಲ. "ಆಗ ಬಂದಾಗಲೇ ತೋರಿಸಿದ್ರ..." ಅಂದ ಡಾಕ್ಟರಮ್ಮ ನನ್ನ ಮುಖ ನೋಡಿ ಮಾತು ನಿಲ್ಲಿಸಿದರು.

ಮುಂದಿನ ವರ್ಷವೂ ಬೀಜದ ಹೊಲ ಮಾಡಿದೆವು. ಹಿತ್ತಲು ಮಾತ್ರ ಯಾರ ಮಾತಿಗೂ ಬೋಳಾಗಲಿಲ್ಲ. ಮಳೆಗೆ ಕಿರಕಸಾಲಿ, ಚಳಿಗೆ ಮೆಂತ್ಯೆ, ಬೇಲಿಗೆ ಬಸಳೆ, ಚಾಚಿ ಕೊಟ್ಟ ನುಗ್ಗೆಯ ಟೊಂಗೆ. ಈಗ ನನ್ನನ್ನು ಯಾರಾದರೂ, ಏನು ತಿಂದರೆ ಮೈಗೆ ಒಳ್ಳೆಯದು ಅಂತ ಕೇಳಿದರೆ ಆಯಿಯ ಮಾತು ಹೇಳುತ್ತೇನೆ, ಭೂಮಿ ನೀಡಿದಾಗ ತಿನ್ನಿ. ಯಾರು ತಿಂದರು ಅಂತಲೂ ನೋಡಿ.

ಊಟದ ಪಂಕ್ತಿ ನಮ್ಮ ಮನೆಯಲ್ಲಿ ಬದಲಾಗಲಿಲ್ಲ, ಗಂಡಸರು, ಹುಡುಗರು, ಆಮೇಲೆ ನಾವು. ಆದರೆ ಕೊನೆಗೆ ಕೂರುವಾಗ ಅತ್ತೆಗೂ ನನಗೂ ಒಂದೇ ತಾಟು. ಪಲ್ಯವನ್ನು ಅದರ ನಡುವೆ ಗುಪ್ಪೆ ಹಾಕಿ ಎರಡೂ ಕಡೆಯಿಂದ ಉಣ್ಣುತ್ತಿದ್ದೆವು, ಅವರು ಒಂದು ತುತ್ತು, ನಾನು ಒಂದು ತುತ್ತು. ಅತ್ತೆ-ಸೊಸೆಯ ಪ್ರೀತಿ ನೋಡಿರಿ ಅಂತ ಓಣಿಯ ಜನ ಅನ್ನುತ್ತಿದ್ದರು. ಪ್ರೀತಿಯೂ ಇರಬಹುದು. ಖರೇ ಹೇಳಬೇಕೆಂದರೆ, ಉಂಡೆ ಅಂತ ಒಬ್ಬರು ಹೇಳಿದ ಮಾತನ್ನು ಇನ್ನೊಬ್ಬರು ಆಮೇಲೆ ಯಾವತ್ತೂ ನಂಬಲಿಲ್ಲ.